ಬೇಕೆಂದು ತಂದುಕೊಂಡ ಮರವೆ

ಕಳೆದ ಮಾಗಿಯ ಒಂದು ಸಾಯಂಕಾಲ, ಪಾಠಶಾಲೆಯ ಬಾಲಕರು ಪ್ರಾರ್ಥನೆಗೆ ಹೋದ ತರುವಾಯ, ಗೃಹಸ್ಥರೊಬ್ಬರು ನನ್ನ ಕೊಠಡಿಗೆ ಬಂದು ಕುಳಿತರು. ಮಠದ ಹಳೆಯ ಭಕ್ತರು. ಸುಗ್ಗಿಯಲ್ಲಿ ದಾಸೋಹಕ್ಕೆಂದು ಜೋಳದ ಚೀಲಗಳನ್ನು ತಪ್ಪದೆ ಕಳುಹಿಸುವವರು. ಅವರ ಮಗನು ಹನ್ನೆರಡು ವರ್ಷಗಳ ಹಿಂದೆ ನನ್ನಲ್ಲಿ ಓದಿದವನು. ವಚನಗಾಯನದಲ್ಲಿ ಮೊದಲನೆಯ ಬಹುಮಾನವನ್ನು ಶ್ರೀಗಳವರ ಹಸ್ತದಿಂದಲೇ ಪಡೆದವನು. ಅವನ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ.

ನಡೆದುದಿಷ್ಟು. ಗೆಳೆಯನ ಮದುವೆಯ ಔತಣವೆಂದು ಹೆದ್ದಾರಿಯ ಬದಿಯ ಢಾಬಾ ಒಂದರಲ್ಲಿ ತರುಣರೆಲ್ಲರೂ ನೆರೆದು, ಕುಡಿದು, ಮಧ್ಯರಾತ್ರಿಯ ವೇಳೆಗೆ ಮೂರು ಕಾರುಗಳಲ್ಲಿ ಹೊರಟರು. ಈ ಹುಡುಗನು ಎಲ್ಲರಿಗಿಂತ ಮುಂದಿದ್ದನು. ಪಂಪ್‌ಸೆಟ್ಟಿಗೆ ವಿದ್ಯುತ್ತು ಬರುವುದು ರಾತ್ರಿಯ ಪಾಳಿಯಲ್ಲಾದುದರಿಂದ ಗೋದಿಗೆ ನೀರು ಹಾಯಿಸಲೆಂದು ಬ್ಯಾಟರಿ ಹಿಡಿದು ರಸ್ತೆ ದಾಟುತ್ತಿದ್ದ ರೈತನೊಬ್ಬನಿಗೆ ಕಾರು ಬಡಿಯಿತು. ಆಸ್ಪತ್ರೆಗೆ ಒಯ್ಯುವ ಅವಶ್ಯಕತೆಯೂ ಉಳಿಯಲಿಲ್ಲ. ಹಿಂದಿನಿಂದ ಬಂದ ಎರಡು ಕಾರುಗಳವರು ಅಲ್ಲಿ ಅರೆಗಳಿಗೆ ನಿಂತು ಹೊರಟುಹೋದರೆಂದು ಕೇಳಿದೆನು.

ತಂದೆಯವರು ಕೇಳಿದುದು ಒಂದು ಪತ್ರವನ್ನು. ಹುಡುಗನು ಸದಾಚಾರಿಯೆಂದೂ, ಇದು ದೈವವಶಾತ್ ನಡೆದುದೆಂದೂ, ದಯೆ ತೋರಬೇಕೆಂದೂ ಗುರುವಿನ ಸ್ಥಾನದಲ್ಲಿರುವವನೊಬ್ಬನು ಬರೆದುಕೊಟ್ಟರೆ ನ್ಯಾಯಾಲಯದಲ್ಲಿ ಉಪಯೋಗವಾದೀತೆಂದು ವಕೀಲರು ಸೂಚಿಸಿದ್ದರಂತೆ. “ಗುರುಗಳ, ಹುಡುಗ ಬೇಕಂತ ಮಾಡಿಲ್ಲರಿ” ಎಂದು ಅವರು ಮೂರು ಸಲ ಹೇಳಿದರು. ಎಂಟು ದಿನಗಳ ಅವಕಾಶವನ್ನು ಬೇಡಿ ಅವರನ್ನು ಕಳುಹಿಸಿಕೊಟ್ಟೆನು. ಆ ಎಂಟು ದಿನಗಳಲ್ಲಿ ನಾನು ಮಾಡಿದ ವಿಚಾರವನ್ನು, ಮನೆಯಲ್ಲಿ ಮಕ್ಕಳೂ ಅಂಗಳದಲ್ಲಿ ವಾಹನವೂ ಉಳ್ಳ ಭಕ್ತ ಮಹಾಶಯರ ಮುಂದೆ ಇಡುತ್ತಿದ್ದೇನೆ.

ಮೊದಲು ಕಾಯಿದೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನು ಮೀರಿದವನು ವಾಹನವನ್ನು ನಡೆಸುವುದೇ ಅಪರಾಧ, ಯಾರಿಗೂ ಪೆಟ್ಟಾಗಿರಬೇಕೆಂದಿಲ್ಲ. ಇದಕ್ಕೆ ಮೊದಲು ಆರು ತಿಂಗಳವರೆಗಿನ ಸೆರೆ ಅಥವಾ ಎರಡು ಸಾವಿರ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ ಇದ್ದವು. 2019ರ ತಿದ್ದುಪಡಿಯಿಂದ, ಆ ವರ್ಷದ ಸೆಪ್ಟೆಂಬರ್ 1ರಿಂದ, ದಂಡವು ಹತ್ತು ಸಾವಿರವಾಯಿತು. ಎರಡನೆಯ ಸಲ ಸಿಕ್ಕವನಿಗೆ ಎರಡು ವರ್ಷಗಳವರೆಗೆ ಸೆರೆ, ಹದಿನೈದು ಸಾವಿರ ದಂಡ. ಮಿತಿಮೀರಿದ ವೇಗಕ್ಕೆ ಹಿಂದೆ ನಾನೂರು ರೂಪಾಯಿಗಳಿದ್ದುದು ಸಣ್ಣ ವಾಹನಗಳಿಗೆ ಸಾವಿರದಿಂದ ಎರಡು ಸಾವಿರ, ದೊಡ್ಡವಕ್ಕೆ ಎರಡರಿಂದ ನಾಲ್ಕು ಸಾವಿರವಾಯಿತು. ಅಜಾಗರೂಕತೆಯಿಂದ ಪ್ರಾಣವನ್ನು ಕಳೆದವನಿಗೆ ಹಳೆಯ ದಂಡಸಂಹಿತೆಯ 304-ಎ ಕಲಮಿನಲ್ಲಿ ಹೆಚ್ಚೆಂದರೆ ಎರಡು ವರ್ಷಗಳ ಸೆರೆಯಿದ್ದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷಗಳಿಗೆ ಏರಿಸಿದೆ. ಹೀಗೆ ದಂಡದ ಮೇಲೆ ದಂಡವನ್ನು ಏರಿಸುತ್ತ ಹೋಗುವುದು ಧರ್ಮವೇ, ಬೇಕೆಂದು ಮಾಡದ ಕೃತ್ಯಕ್ಕೆ ಇಷ್ಟು ಕಠಿನವಾದ ಶಿಕ್ಷೆ ಸಲ್ಲುವುದೇ ಎಂಬುದು ಪ್ರಶ್ನೆ.

ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಕರ್ಮಕ್ಕೆ ಸಂಕಲ್ಪವೇ ಮೂಲವೆಂದು ನಾವೇ ಬಾಲಕರಿಗೆ ಬೋಧಿಸುತ್ತೇವೆ. ಕೈ ಜಾರಿ ಬಿದ್ದ ಕಲ್ಲಿಗೂ ಗುರಿಯಿಟ್ಟು ಎಸೆದ ಕಲ್ಲಿಗೂ ಅಂತರವಿಲ್ಲದಿದ್ದರೆ ಧರ್ಮಾಧರ್ಮ ವಿವೇಚನೆಯೇ ವ್ಯರ್ಥ. ಆ ರೈತನ ಹೆಸರನ್ನು ಕೂಡ ಈ ಹುಡುಗನು ಅರಿತವನಲ್ಲ. ಅವನನ್ನು ಕೊಲ್ಲಬೇಕೆಂಬ ಭಾವನೆ ಇವನ ಮನಸ್ಸಿನಲ್ಲಿ ಲೇಶವೂ ಇರಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಹೊತ್ತಿನಲ್ಲಿ ಅವನಿಗೆ ಬುದ್ಧಿಯೇ ನೆಟ್ಟಗಿರಲಿಲ್ಲ, ಬುದ್ಧಿಯಿಲ್ಲದವನ ಕೃತ್ಯಕ್ಕೆ ಕರ್ತೃತ್ವವೆಲ್ಲಿಯದು ಎಂದು ತಾರ್ಕಿಕನಾದವನು ಕೇಳಬಹುದು.

ಇಲ್ಲಿ ನಾವು ನಿಂತು ನೋಡಬೇಕಾದುದು ಕಾಲವನ್ನು. ‘ಬೇಕೆಂದು ಮಾಡಲಿಲ್ಲ’ ಎಂಬ ಮಾತನ್ನು ತಂದೆಯವರು ಕಾರು ಬಡಿದ ಕ್ಷಣಕ್ಕೆ ಹೊಂದಿಸಿದರು. ಆ ಕ್ಷಣಕ್ಕೆ ಅದು ಸತ್ಯವೇ. ಆದರೆ ಅದಕ್ಕೆ ಎರಡು ತಾಸು ಮೊದಲು ಒಂದು ಕ್ಷಣವಿದ್ದಿತು. ಮೊದಲನೆಯ ಲೋಟವನ್ನು ಎತ್ತುವಾಗ ಅವನ ಬುದ್ಧಿ ನೆಟ್ಟಗಿದ್ದಿತು, ಕಾರಿನ ಕೀಲಿಕೈ ಅವನ ಜೇಬಿನಲ್ಲಿದ್ದಿತು, ಊರು ಮೂವತ್ತು ಕಿಲೋಮೀಟರು ದೂರದಲ್ಲಿದೆಯೆಂಬುದೂ ತಿಳಿದಿದ್ದಿತು. ಈ ಮೂರನ್ನೂ ಅರಿತು ಎತ್ತಿದ ಲೋಟವು ಬೇಕೆಂದು ಎತ್ತಿದುದಲ್ಲದೆ ಮತ್ತೇನು?

ಶರಣರ ಪರಿಭಾಷೆಯಲ್ಲಿ ಅರಿವು ಮರವೆಗಳೆಂಬ ಜೋಡಿಪದಗಳು ಎಷ್ಟು ಸಲ ಬರುತ್ತವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಮರವೆಯು ಜೀವನ ಸಹಜ ದೋಷ. ಅರಿವು ಗುರುಕೃಪೆಯಿಂದ ಸಾಧಿಸಬೇಕಾದ ಸಂಪತ್ತು. ಹೀಗಿರುವಾಗ ಇದ್ದ ಅರಿವನ್ನು ತಾನಾಗಿ ಹಣ ಕೊಟ್ಟು ನಂದಿಸಿಕೊಳ್ಳುವುದು, ಬಳಿಕ ಆ ಕತ್ತಲೆಯನ್ನೇ ತನ್ನ ಪರವಾಗಿ ಸಾಕ್ಷಿಗೆ ಕರೆಯುವುದು ಯಾವ ನ್ಯಾಯ? ದೀಪವನ್ನು ಊದಿ ಆರಿಸಿದವನು ‘ಕತ್ತಲೆಯಿದ್ದಿತು, ಕಾಣಲಿಲ್ಲ’ ಎಂದರೆ ಯಾರು ಒಪ್ಪುತ್ತಾರೆ? ನಮ್ಮ ಕಾಯಿದೆಯೂ ಈ ಭೇದವನ್ನು ಬಲ್ಲುದು. ಹಳೆಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿ, ಈಗಿನ ಸಂಹಿತೆಯ 23 ಮತ್ತು 24ರಲ್ಲಿ, ಅರಿಯದೆಯೋ ಬಲಾತ್ಕಾರದಿಂದಲೋ ಮತ್ತೇರಿ ತಾನೇನು ಮಾಡುತ್ತಿರುವೆನೆಂಬುದನ್ನೇ ತಿಳಿಯಲಾರದೆ ಹೋದವನಿಗೆ ಕ್ಷಮೆಯುಂಟು. ತಾನಾಗಿ ಕುಡಿದವನಿಗಾದರೋ, ಕುಡಿಯದಿದ್ದರೆ ಯಾವ ತಿಳಿವಳಿಕೆ ಇರುತ್ತಿದ್ದಿತೋ ಅದೇ ತಿಳಿವಳಿಕೆ ಇದ್ದಿತೆಂದೇ ಭಾವಿಸಬೇಕೆಂದು ವಿಧಿಸಿದೆ. 2006ರ ನವೆಂಬರಿನಲ್ಲಿ ಮುಂಬಯಿಯ ಬಾಂದ್ರಾ ಭಾಗದಲ್ಲಿ, ರಸ್ತೆಯ ಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕುಡಿದಿದ್ದ ತರುಣನೊಬ್ಬನ ಕಾರು ಹಾಯ್ದು ಏಳು ಮಂದಿ ಮಡಿದರು. ಮೊದಲನೆಯ ನ್ಯಾಯಾಲಯವು ಅದನ್ನು ಬರಿಯ ಅಜಾಗರೂಕತೆಯೆಂದು ಎಣಿಸಿತು. ಮೇಲಿನ ನ್ಯಾಯಾಲಯವು ಸಾವು ಸಂಭವಿಸೀತೆಂಬ ತಿಳಿವಳಿಕೆಯುಳ್ಳ ಕೃತ್ಯವೆಂದು ತಿದ್ದಿ ಮೂರು ವರ್ಷಗಳ ಸೆರೆಯನ್ನು ವಿಧಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಪ್ರಾಣಗಳಿಗೆ ಮೂರು ವರ್ಷಗಳೇ ಎಂದು ನೊಂದವರೂ ಇದ್ದಾರೆ. ಆ ಲೆಕ್ಕವನ್ನು ಇಲ್ಲಿ ಬಿಡಿಸುವುದಿಲ್ಲ.

ವೇಗದ ಮಾತೂ ಇಂಥದೇ, ಆದರೆ ಜನರು ಇದನ್ನು ಪಾಪವೆಂದೇ ಎಣಿಸುವುದಿಲ್ಲ. ಮದ್ಯವನ್ನು ಮುಟ್ಟದ, ಮೂರು ಹೊತ್ತು ಲಿಂಗಪೂಜೆಯನ್ನು ಬಿಡದ ಭಕ್ತರೂ ಹೆದ್ದಾರಿಗೆ ಬಂದೊಡನೆ ಬಾಣದಂತೆ ಹೋಗುವುದನ್ನು ನಾನು ಪಕ್ಕದಲ್ಲಿ ಕುಳಿತು ಕಂಡಿದ್ದೇನೆ. ಭಯದಿಂದ ಪಂಚಾಕ್ಷರಿಯನ್ನು ಜಪಿಸಿಯೂ ಇದ್ದೇನೆ. ತಾಸಿಗೆ 80 ಕಿಲೋಮೀಟರು ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರು ಮುಂದೆ ಹೋಗುತ್ತದೆ. ಎದುರಿಗೆ ಮನುಷ್ಯನನ್ನು ಕಂಡು, ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಆ ಮೇಲೆ ಬ್ರೇಕು ಹಿಡಿದು ನಿಲ್ಲಲು ಬೇಕಾಗುವ ದೂರವಾದರೋ, ವೇಗ ಎರಡುಪಟ್ಟಾದರೆ ನಾಲ್ಕುಪಟ್ಟಾಗುತ್ತದೆ. ಮದ್ಯವು ಇದಕ್ಕೆ ಸೇರಿದಾಗ ಕಣ್ಣು ಕಂಡುದನ್ನು ಬುದ್ಧಿ ಗ್ರಹಿಸುವುದೇ ತಡವಾಗುವುದರಿಂದ, ಎರಡು ದೋಷಗಳು ಕೂಡಿದರೆ ಫಲ ಎರಡರಷ್ಟಲ್ಲ, ಅದಕ್ಕೂ ಮಿಗಿಲು. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರು; ದಿನಕ್ಕೆ 460ಕ್ಕೂ ಮಿಕ್ಕು. ಇವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಕುಡಿತದ ಹೆಸರಿನಲ್ಲಿ ದಾಖಲಾದವು ಇದಕ್ಕೆ ಹೋಲಿಸಿದರೆ ಬಹಳ ಕಡಮೆ. ಕುಡುಕನನ್ನು ದೂಷಿಸಿ ತಾನು ಶುದ್ಧನೆಂದು ಭಾವಿಸುವ ಮದ್ಯಮುಟ್ಟದ ವೇಗಿಯು ಈ ಅಂಕೆಗಳನ್ನು ಇನ್ನೊಮ್ಮೆ ಓದಬೇಕು.

ಎಂಟು ದಿನಗಳಲ್ಲಿ ನನ್ನ ನಿದ್ರೆಯನ್ನು ಕೆಡಿಸಿದ ವಿಷಯ ಬೇರೆಯದು. ಆ ರಾತ್ರಿ ಹೊರಟ ಕಾರುಗಳು ಮೂರೆಂದು ಹೇಳಿದೆನಷ್ಟೆ. ಉಳಿದ ಎರಡನ್ನು ನಡೆಸಿದವರೂ ಅದೇ ಢಾಬಾದಲ್ಲಿ ಅಷ್ಟೇ ಕುಡಿದವರು. ಅವರಲ್ಲೊಬ್ಬನನ್ನು ಮುಂದಿನ ಸೋಮವಾರ ಗದ್ದುಗೆಯ ಮುಂದೆ ಕೈಮುಗಿದು ನಿಂತುದನ್ನು ಕಂಡೆನು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಪ್ರಸನ್ನತೆ. ಅವನಿಗೂ ನನ್ನ ಶಿಷ್ಯನಿಗೂ ಇರುವ ಅಂತರವೇನು? ಸಂಕಲ್ಪ ಒಂದೇ, ಕುಡಿತ ಒಂದೇ, ರಸ್ತೆ ಒಂದೇ. ರೈತನು ಅರೆಗಳಿಗೆ ತಡವಾಗಿ ಹೊಲಕ್ಕೆ ಹೊರಟಿದ್ದರೆ ಎರಡನೆಯ ಕಾರಿಗೆ ಸಿಗುತ್ತಿದ್ದನು. ಆಗ ಸೆರೆಯಲ್ಲಿರುವವನು ಇವನು, ಗದ್ದುಗೆಯ ಮುಂದೆ ನಿಲ್ಲುವವನು ಅವನು. ಲೋಕವು ಒಬ್ಬನನ್ನು ಕೊಲೆಗಡುಕನೆಂದೂ ಇನ್ನೊಬ್ಬನನ್ನು ಹುಡುಗಾಟದವನೆಂದೂ ಕರೆಯುತ್ತದೆ. ಅಂತರಂಗವನ್ನು ನೋಡುವ ಶಿವನ ಕಣ್ಣಿಗೆ ಇಬ್ಬರೂ ಒಂದೇ ಕಾರಿನಲ್ಲಿ ಕುಳಿತವರಾಗಿಯೇ ಕಂಡಾರೆಂದು ನನಗೆ ತೋರುತ್ತದೆ. ಆ ತರುಣನನ್ನು ಕರೆದು ಈ ಮಾತನ್ನು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಮನುಷ್ಯರ ನ್ಯಾಯಾಲಯಕ್ಕೆ ಶಿವನ ಕಣ್ಣಿಲ್ಲ. ಅದು ಫಲವನ್ನು ನೋಡಿಯೇ ತೂಗಬೇಕು, ಏಕೆಂದರೆ ಸತ್ತವನ ಮನೆಯವರಿಗೂ ಅದು ಉತ್ತರ ಹೇಳಬೇಕಾಗಿದೆ. ಆದರೂ ಸಂಕಲ್ಪದ ಅಪರಾಧವನ್ನೇ, ಫಲವು ಹುಟ್ಟುವ ಮೊದಲೇ, ಹಿಡಿಯುವ ಒಂದು ಸಾಧನ ಅದರ ಕೈಯಲ್ಲಿದೆ. ಅದೇ ಹತ್ತು ಸಾವಿರ ರೂಪಾಯಿಗಳ 185ನೆಯ ಕಲಮು. ಜನರು ದೂರುವುದು ಇದನ್ನೇ ಹೆಚ್ಚಾಗಿ. ‘ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಹೋಗುತ್ತಿದ್ದವನನ್ನು ಹಿಡಿದು ಉಸಿರು ಊದಿಸಿ ಹತ್ತು ಸಾವಿರ ಕಿತ್ತರು’ ಎಂದು. ಏನೂ ಆಗದಿರುವಾಗ ಹಿಡಿದುದೇ ಇದರ ಗುಣ. ಐದು ವರ್ಷಗಳ ಸೆರೆಯು ರೈತನು ಸತ್ತ ಮೇಲೆ ಬರುವ ದಂಡ. ರೈತನು ಇನ್ನೂ ಜೀವಂತನಾಗಿ ಹೊಲದ ಹಾದಿಯಲ್ಲಿರುವಾಗಲೇ ಬರುವ ದಂಡ ಇದೊಂದೇ. ಆ ರಾತ್ರಿ ಢಾಬಾದಿಂದ ಒಂದು ಮೈಲಿ ದೂರದಲ್ಲಿ ಯಾರಾದರೊಬ್ಬ ಪೇದೆಯು ಆ ಯಂತ್ರವನ್ನು ಹಿಡಿದು ನಿಂತಿದ್ದರೆ, ಆ ತಂದೆಯವರು ಇಂದು ಹತ್ತು ಸಾವಿರ ಹೋಯಿತೆಂದು ನನ್ನ ಮುಂದೆ ಗೊಣಗುತ್ತಿದ್ದರು. ಎಂಥ ಸೌಭಾಗ್ಯದ ಗೊಣಗು ಅದು!

ದಂಡವು ಹೆಚ್ಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ನಾನು ಹೇಳುತ್ತಿಲ್ಲ. ಧನಿಕನಿಗೆ ಹತ್ತು ಸಾವಿರವು ಒಂದು ರಾತ್ರಿಯ ಔತಣದ ವೆಚ್ಚ; ಬಾಡಿಗೆಯ ಲಾರಿಯನ್ನು ನಡೆಸುವವನಿಗೆ ಮನೆಯವರ ಒಪ್ಪತ್ತಿನ ಅನ್ನ. ಹಿಡಿಯುವವರು ನಿಯತವಾಗಿ ಹಿಡಿಯದಿದ್ದರೆ ಕಾಗದದ ಮೇಲಿನ ಅಂಕೆಗೆ ಯಾರೂ ಹೆದರರು. 2019ರ ಸೆಪ್ಟೆಂಬರಿನಲ್ಲಿಯೇ ಕರ್ನಾಟಕ ಸರ್ಕಾರವು ಜನರ ಕೂಗಿಗೆ ಮಣಿದು ಹಲವು ದಂಡಗಳನ್ನು ಇಳಿಸಿತು. ಕುಡಿದು ನಡೆಸುವುದರ ದಂಡವನ್ನು ಮಾತ್ರ ಇಳಿಸಲಿಲ್ಲವೆಂಬುದು ಸಮಾಧಾನ. ಹೆದ್ದಾರಿಯಿಂದ 500 ಮೀಟರುಗಳೊಳಗೆ ಮದ್ಯದಂಗಡಿ ಇರಕೂಡದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿದಾಗ, ಊರೊಳಗಿನ ಹೆದ್ದಾರಿಗೆ ಬೇರೆ ಹೆಸರಿಟ್ಟು ಅಂಗಡಿಗಳನ್ನು ಉಳಿಸಿಕೊಳ್ಳಲು ಕೆಲವು ರಾಜ್ಯಗಳು ಹೆಣಗಿದುದನ್ನೂ ಕಂಡಿದ್ದೇವೆ. ಒಂದು ಕೈಯಿಂದ ಮಾರಿ ಇನ್ನೊಂದು ಕೈಯಿಂದ ದಂಡಿಸುವ ಪ್ರಭುತ್ವದ ವಿಷಯ ಬರೆಯಹೊರಟರೆ ಈ ಸಂಚಿಕೆ ಸಾಲದು.

ಸಂಸ್ಕೃತವನ್ನು ಓದಿದವನಾದುದರಿಂದ ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನೂ ತೆರೆದು ನೋಡಿದೆನು. ಶರಣರು ಸ್ಮೃತಿಯ ಭೇದಬುದ್ಧಿಯನ್ನು ಒಪ್ಪಿದವರಲ್ಲ, ನಾನೂ ಒಪ್ಪುವವನಲ್ಲ; ಆದರೆ ರಥಗಳಿಂದಾಗುವ ಹಾನಿಯ ವಿಷಯದಲ್ಲಿ ಅಲ್ಲಿರುವ ವಿವೇಚನೆ ಗಮನಾರ್ಹವಾದುದು. ಮೂಗುದಾರ ಹರಿದರೆ, ನೊಗ ಮುರಿದರೆ, ‘ಸರಿಯಿರಿ’ ಎಂದು ಸಾರಥಿಯು ಕೂಗಿ ಎಚ್ಚರಿಸಿದ್ದರೆ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ರಥವು ದಾರಿ ತಪ್ಪಿ ಹಾನಿಯಾದರೆ ರಥದ ಒಡೆಯನಿಗೆ ದಂಡ; ಸಾರಥಿಯು ಕುಶಲನಾಗಿದ್ದೂ ಹಾನಿಮಾಡಿದರೆ ಅವನಿಗೇ ದಂಡ; ಅಕುಶಲನೆಂದು ಬಲ್ಲ ಸಾರಥಿಯ ರಥವನ್ನೇರಿದವರಿಗೂ ದಂಡವುಂಟು. ಅಂದರೆ ಕೈಯಲ್ಲಿ ಕಡಿವಾಣ ಹಿಡಿದವನೊಬ್ಬನ ಮೇಲೆಯೇ ದೋಷವನ್ನು ಹೊರಿಸಿ ಉಳಿದವರು ಕೈತೊಳೆದುಕೊಳ್ಳಲು ಪ್ರಾಚೀನರು ಬಿಡಲಿಲ್ಲ. ಇಂದಿನ ಕಾಯಿದೆಯೂ ಹಾಗೆಯೇ. ಕುಡಿದು ನಡೆಸುವುದಕ್ಕೆ ಪ್ರೇರಣೆ ಕೊಟ್ಟವನಿಗೂ ಅದೇ ಶಿಕ್ಷೆಯೆಂದು 188ನೆಯ ಕಲಮು ಹೇಳುತ್ತದೆ. 2019ರಲ್ಲಿ ಸೇರಿಸಿದ 199-ಎ ಕಲಮಿನಂತೆ, ಹದಿನೆಂಟು ತುಂಬದ ಮಗನು ವಾಹನದಿಂದ ಅಪರಾಧವೆಸಗಿದರೆ ಪೋಷಕನಿಗೋ ವಾಹನದ ಒಡೆಯನಿಗೋ ಮೂರು ವರ್ಷಗಳವರೆಗೆ ಸೆರೆ, ಇಪ್ಪತ್ತೈದು ಸಾವಿರ ದಂಡ. ತನಗೆ ತಿಳಿಯದಂತೆ ನಡೆದುದೆಂದು ಅವನೇ ಸಿದ್ಧಪಡಿಸಿಕೊಳ್ಳಬೇಕು. ಹತ್ತನೆಯ ತರಗತಿಯ ಬಾಲಕನಿಗೆ ಮೋಟಾರು ಸೈಕಲ್ಲನ್ನು ಕೊಡಿಸಿ ಮಠದ ಅಂಗಳಕ್ಕೇ ಕಳುಹಿಸುವ ತಂದೆಗಳಿಗೆ ಇದನ್ನು ನಾನು ಸಭೆಯಲ್ಲಿ ಓದಿಹೇಳಿದ್ದೇನೆ; ನಕ್ಕರು.

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಅದನ್ನು ಶಿವನಿಂದೆ ಕೇಳಿದಾಗ ಖಡ್ಗ ಹಿರಿಯುವುದೆಂದೇ ಬಹುಮಂದಿ ತಿಳಿದಿದ್ದಾರೆ. ಕಣ್ಣೆದುರಿಗೆ ನಡೆಯುವ ಅಧರ್ಮವನ್ನು ಗಣವೆಲ್ಲವೂ ಕೂಡಿ ತಡೆಯುವುದು ಅದರ ತಿರುಳೆಂದು ನಾನು ಭಾವಿಸುತ್ತೇನೆ. ಆ ಔತಣದಲ್ಲಿ ಹದಿನೈದು ಜನರಿದ್ದರಂತೆ. ಒಬ್ಬನಾದರೂ ಕೀಲಿಕೈಯನ್ನು ಕಸಿದುಕೊಂಡಿದ್ದರೆ ಜಗಳವಾಗುತ್ತಿದ್ದಿತು, ಸ್ನೇಹ ಕೆಡುತ್ತಿದ್ದಿತು; ಅಷ್ಟೆ. ಆ ಹದಿನೈದರಲ್ಲಿ ನಮ್ಮ ಪಾಠಶಾಲೆಯಲ್ಲಿ ಪಂಚಾಚಾರಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದವರೇ ನಾಲ್ವರು. ಬಾಯಿಪಾಠ ಮಾಡಿಸಿದವನು ನಾನು.

ದಯೆಯ ಪ್ರಶ್ನೆ ಉಳಿಯಿತು. ಧರ್ಮಕ್ಕೆ ದಯೆಯೇ ಬೇರೆಂದು ಅಣ್ಣನವರು ಬೋಧಿಸಿದರಲ್ಲವೆ, ಹಾಗಿರುವಾಗ ಮಠದವರೇ ಕಠಿನರಾಗಬಹುದೆ ಎಂದು ತಂದೆಯವರು ಕೇಳಿದ್ದರು. ಈ ಮಾತಿಗೆ ಉತ್ತರವನ್ನು ಹುಡುಕುತ್ತಿರುವಾಗ ಷಡಕ್ಷರದೇವನ ‘ರಾಜಶೇಖರ ವಿಳಾಸ’ ನೆನಪಾಯಿತು. ಹದಿನೇಳನೆಯ ಶತಮಾನದ ಈ ಚಂಪೂಕಾವ್ಯವನ್ನು ಮೂವತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ರಾಜಪುತ್ರ ರಾಜಶೇಖರನು ಗೆಳೆಯ ಮಿತವಚನನೊಡನೆ ಜನ ತುಂಬಿದ ಬೀದಿಯಲ್ಲಿ ಕುದುರೆಗಳನ್ನು ಓಡಿಸುತ್ತಾನೆ. ಕುದುರೆಯ ತುಳಿತಕ್ಕೆ ಶಂಕರನೆಂಬ ಮಗು ಬಲಿಯಾಗುತ್ತದೆ. ತಾಯಿ ತಿರುಕೊಳವಿನಾಚಿ ದೊರೆ ಸತ್ಯೇಂದ್ರಚೋಳನಲ್ಲಿಗೆ ಬಂದು ನ್ಯಾಯವನ್ನು ಬೇಡುತ್ತಾಳೆ. ದೊರೆಯು ಸ್ವಂತ ಮಗನಿಗೆ ಮರಣದಂಡನೆಯನ್ನು ವಿಧಿಸುತ್ತಾನೆ. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಸತ್ತವರನ್ನು ಬದುಕಿಸುತ್ತಾನೆ. ಇಷ್ಟು ಕಾಲವೂ ದೊರೆಯ ಧರ್ಮನಿಷ್ಠೆಯನ್ನೇ ಎತ್ತಿ ಹೇಳುತ್ತಿದ್ದೆನು. ಈ ಸಲ ಓದುವಾಗ ಕಣ್ಣು ಬೇರೆಡೆ ನಿಂತಿತು. ರಾಜಪುತ್ರನಿಗೂ ಕೊಲ್ಲುವ ಉದ್ದೇಶವಿರಲಿಲ್ಲ. ಅವನೂ ‘ಬೇಕಂತ’ ಮಾಡಿದವನಲ್ಲ. ಆದರೆ ಕವಿಯು ನಮ್ಮನ್ನು ಮೊದಲು ತಾಯಿಯ ಬಳಿಯಲ್ಲಿ ಕೂಡಿಸಿ, ಅವಳ ಪ್ರಲಾಪವನ್ನು ದೀರ್ಘವಾಗಿ ಕೇಳಿಸುತ್ತಾನೆ. ಅದು ಮುಗಿಯುವವರೆಗೆ ರಾಜಪುತ್ರನ ಯೌವನದ ಮೇಲೆ ಮರುಗಲು ನಮಗೆ ಬಿಡುವನ್ನೇ ಕೊಡುವುದಿಲ್ಲ. ಅದಲ್ಲದೆ ದೊರೆಯು ತೀರ್ಪು ಹೇಳಿದುದು ಶಿವನು ಬರುವುದಕ್ಕೆ ಮೊದಲು. ಮಗುವು ಎದ್ದುಬರುವುದೆಂದು ಅವನಿಗೆ ತಿಳಿದಿರಲಿಲ್ಲ. ನಮ್ಮ ಹೆದ್ದಾರಿಗಳಲ್ಲಿಯೂ ಯಾರೂ ಎದ್ದುಬರುವುದಿಲ್ಲ.

ದೊರೆಯ ತೀರ್ಪಿನಂತಹ ಶಿಕ್ಷೆಯನ್ನು ಇಂದು ಯಾರೂ ಬಯಸಕೂಡದು. ನಾನು ಅದನ್ನು ಎತ್ತಿದುದು ಅದಕ್ಕಲ್ಲ. ದಯೆ ತೋರುವಾಗ ನಾವು ಯಾರ ಬಳಿಯಲ್ಲಿ ಕುಳಿತಿದ್ದೇವೆ ಎಂಬುದಕ್ಕೆ. ತಂದೆಯವರು ನನ್ನ ಬಳಿಗೆ ಬಂದರು, ನಾನು ಅವರಿಗಾಗಿ ಮರುಗಿದೆನು. ಸತ್ತವನ ಮನೆ ಮಠದಿಂದ ಎಂಟು ಮೈಲಿ ದೂರದಲ್ಲಿದೆ; ಅಲ್ಲಿಂದ ಯಾರೂ ಬರಲಿಲ್ಲ, ನಾನೂ ಹೋಗಿರಲಿಲ್ಲ. ಕುಡಿದವನು ಶರಣಧರ್ಮಕ್ಕೆ ಎಂದೆಂದಿಗೂ ಹೊರಗಿನವನೆಂದೂ ನಾನು ಹೇಳಲಾರೆನು. ಹೆಂಡ ಮಾರುವ ಕಾಯಕದ ಮಾರಯ್ಯನವರಿಗೂ ಶರಣಗಣದಲ್ಲಿ ಸ್ಥಾನವಿದ್ದಿತಷ್ಟೆ. ತಿದ್ದಿಕೊಳ್ಳುವವನಿಗೆ ಬಾಗಿಲು ತೆರೆದೇ ಇದೆ. ಆದರೆ ಶಿಕ್ಷೆಯನ್ನು ಸವೆಸುವುದೂ ತಿದ್ದಿಕೊಳ್ಳುವ ಬಗೆಯೇ ಅಲ್ಲವೆ?

ಏಳನೆಯ ದಿನ ಆ ಊರಿಗೆ ಹೋದೆನು. ಹಜಾರದಲ್ಲಿ ಭಾವಚಿತ್ರಕ್ಕೆ ಹಾರ ಹಾಕಿದ್ದರು. ಇಬ್ಬರು ಹೆಣ್ಣುಮಕ್ಕಳು; ಹಿರಿಯವಳು ಒಂಬತ್ತನೆಯ ತರಗತಿ. ಆಕೆಯ ತಾಯಿ ನನ್ನನ್ನು ಮಠದವರೆಂದು ತಿಳಿದು ಪಾದಕ್ಕೆರಗಿ, ಚಹಾ ಮಾಡಿ ತಂದಿಟ್ಟರು. ಗೋದಿಗೆ ನೀರು ಹಾಯಿಸಲು ಈಗ ರಾತ್ರಿ ಯಾರು ಹೋಗುತ್ತಾರೆಂದು ಕೇಳಿದೆನು. ತಾನೂ ಮಗಳೂ ಹೋಗುತ್ತೇವೆ, ರಸ್ತೆ ದಾಟುವಾಗ ಬ್ಯಾಟರಿಯನ್ನು ಮೇಲೆತ್ತಿ ಹಿಡಿಯುತ್ತೇವೆ ಎಂದು ಆಕೆ ಹೇಳಿದರು. ನಾನು ಯಾರ ಗುರುವೆಂಬುದನ್ನು ಅವರಿಗೆ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾ ಆರುತ್ತದೆ, ಕುಡಿಯಿರಿ ಎಂದರು.

ಎಂಟನೆಯ ದಿನ ಪತ್ರವನ್ನು ಬರೆದುಕೊಟ್ಟೆನು. ಆ ಹುಡುಗನು ನನ್ನಲ್ಲಿ ಇಷ್ಟು ವರ್ಷ ಓದಿದನೆಂದೂ, ಆ ಕಾಲದಲ್ಲಿ ಸುಳ್ಳಾಡಿದುದನ್ನು ನಾನು ಕಾಣೆನೆಂದೂ, ಸರಿ ಯಾವುದು ತಪ್ಪು ಯಾವುದು ಎಂಬ ತಿಳಿವಳಿಕೆ ಅವನಿಗೆ ಚೆನ್ನಾಗಿ ಇದ್ದಿತೆಂದೂ ಬರೆದೆನು. ಶಿಕ್ಷೆಯನ್ನು ಇಳಿಸಬೇಕೆಂಬ ಪ್ರಾರ್ಥನೆಯನ್ನು ಬರೆಯಲಿಲ್ಲ. ತಂದೆಯವರು ಕನ್ನಡಕವನ್ನು ಹಾಕಿಕೊಂಡು ಎರಡು ಸಲ ಓದಿದರು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು, “ಇದು ಅವನಿಗೆ ಎರವಾಗೂದಿಲ್ಲೇನ್ರಿ?” ಎಂದರು. ಆಗಬಹುದು ಎಂದೆನು. ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಎಂದಿನಂತೆ ನಮಸ್ಕರಿಸಿ ಹೋದರು. ಅದನ್ನು ವಕೀಲರಿಗೆ ಕೊಟ್ಟರೋ ಇಲ್ಲವೋ ನಾನು ವಿಚಾರಿಸಿಲ್ಲ. ಈ ಸುಗ್ಗಿಗೂ ಜೋಳದ ಚೀಲಗಳು ಬಂದಿವೆ.